ಮುಚ್ಚಿಗೆ

ಮೈಸೂರಿನ ಒಂದು ಮನೆಯ ಮಹಡಿಯಲ್ಲಿ ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಕೋಣೆಯಿದೆ. ಎತ್ತರವೂ ಹತ್ತೇ ಅಡಿ. ಇಟ್ಟಿಗೆ ಗೋಡೆ, ಸಿಮೆಂಟ್ ಗಾರೆ, ಮೇಲೆ ಆರ್‌ಸಿಸಿ ತಾರಸಿ, ಕೆಳಗೆ ನುಣುಪು ಟೈಲ್ಸ್. ನನಗೆ ಪರಿಚಯದ ಮೃದಂಗದ ಮೇಷ್ಟ್ರು ಬೆಳಗ್ಗೆ ಐದೂವರೆಗೆಲ್ಲ ಅಲ್ಲಿ ಕೂತು, ಅಮೆರಿಕದಲ್ಲಿ ಆಗಷ್ಟೇ ಸಂಜೆಯಾಗಿರುವ ಕನ್ನಡದ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಪಾಠ ಹೇಳುತ್ತಾರೆ. ಕೋಣೆ ಗುಂಯ್‌ಗುಡುತ್ತದೆ ಎಂದು ಶಿಷ್ಯರ ಮನೆಯವರು ಹೇಳಿದ್ದಕ್ಕೆ ಎರಡಂಗುಲ ದಪ್ಪದ ಕಪ್ಪು ಫೋಮ್ ಹಾಳೆಗಳನ್ನು ತರಿಸಿ ಮೂರು ಗೋಡೆಗೆ ಅಂಟಿಸಿದ್ದರು. ಆಮೇಲೆ ನನ್ನನ್ನು ಕರೆದರು.

"ಚಾಪು ಸತ್ತೇ ಹೋಯ್ತು ನೋಡಿ," ಎಂದರು. "ಗುಮ್ಕಿ ಮಾತ್ರ ಹಾಗೇ ಇದೆ. ಹಾಗೇ ಏನು, ಇನ್ನೂ ಜಾಸ್ತಿ ಕೇಳುತ್ತೆ."

ಚಾಪು ಎಂದರೆ ಮೃದಂಗದ ಬಲಗಡೆಯ ಹೊಳಪಿನ ಪೆಟ್ಟು. ಎಡಗಡೆಯ ತೊಪ್ಪಿಯ ಮೇಲೆ ಬೆರಳು ಬಡಿದು, ಅಂಗೈಯ ಬುಡವನ್ನು ಒತ್ತಿ ಜಾರಿಸುತ್ತ ಗುಮ್ಕಿ ಎಳೆದರು. ಕೆಳಗಿನಿಂದ ಮೇಲಕ್ಕೆ ಎಣ್ಣೆ ಸುರಿದಂತೆ ಏರಬೇಕಾದ ನಾದ, ಒಂದು ಜಾಗಕ್ಕೆ ಬಂದಾಗ ಇದ್ದಕ್ಕಿದ್ದಂತೆ ಉಬ್ಬಿ, ಮರುಕ್ಷಣ ಗುಂಡಿಗೆ ಕಾಲಿಟ್ಟಂತೆ ಕುಸಿಯಿತು. ನಾನು ಎದ್ದು ಕೋಣೆಯ ಮೂಲೆಗೆ ಹೋಗಿ ಗೋಡೆಗೆ ಕಿವಿ ತಾಗುವಷ್ಟು ಹತ್ತಿರ ನಿಂತೆ. ಅಲ್ಲಿ ಅದೇ ಗುಮ್ಕಿ ಎದೆಗೆ ಗುದ್ದುವಂತಿತ್ತು. ಕೋಣೆಯ ನಡುವಿಗೆ ಬಂದರೆ ಅರ್ಧ ಕಾಣೆ.

ಫೋಮ್ ಕುಡಿಯಬೇಕಾದ್ದನ್ನು ಬಿಟ್ಟು, ಬಿಡಬೇಕಾದ್ದನ್ನು ಕುಡಿದಿತ್ತು. ಸಣ್ಣ ಕೋಣೆಗಳಲ್ಲಿ ಅತಿ ಹೆಚ್ಚು ಜನ ಮಾಡುವ ತಪ್ಪು ಇದೇ. ಇದನ್ನು ಸರಿಪಡಿಸುವ ದಾರಿ ಇನ್ನಷ್ಟು ದಪ್ಪ ಫೋಮ್ ತರುವುದರಲ್ಲಿದೆ ಎಂದು ಅಂಗಡಿಯವರು ಹೇಳುತ್ತಾರೆ. ನನಗೆ ವರ್ಷಗಳ ನಂತರ ಗಟ್ಟಿಯಾದ ಅನಿಸಿಕೆ ಬೇರೆ: ಒಳಗೆ ಏನು ತುಂಬುತ್ತೀರಿ ಎಂಬುದರಷ್ಟೇ, ಎಷ್ಟೋ ಸಲ ಅದಕ್ಕಿಂತ ಹೆಚ್ಚಾಗಿ, ಅದರ ಮುಖಕ್ಕೆ ಏನು ಹೊದಿಸುತ್ತೀರಿ ಎಂಬುದು ಮುಖ್ಯ. ಜನ ಹೊದಿಕೆಯನ್ನು ಅಂದಕ್ಕೆಂದು, ಬಣ್ಣ ನೋಡಿ ಕೊನೆಯಲ್ಲಿ ಆರಿಸುತ್ತಾರೆ. ಅದನ್ನು ಮೊದಲು ಆರಿಸಬೇಕು.

ಶಬ್ದಕ್ಕೆ ಉದ್ದಗಲವಿದೆ. ಗಾಳಿಯಲ್ಲಿ ಅದು ಸೆಕೆಂಡಿಗೆ ಸುಮಾರು 344 ಮೀಟರ್ ಓಡುತ್ತದೆ. 10,000 ಹರ್ಟ್ಜ್‌ನ ಸದ್ದಿನ ಒಂದು ಅಲೆ ಮೂರೂವರೆ ಸೆಂಟಿಮೀಟರ್, ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. 1,000 ಹರ್ಟ್ಜ್‌ನ ಅಲೆ ಒಂದಡಿಗೆ ಸ್ವಲ್ಪ ಮೇಲೆ. 100 ಹರ್ಟ್ಜ್‌ಗೆ ಬಂದರೆ ಮೂರೂವರೆ ಮೀಟರ್: ಮೇಷ್ಟ್ರ ಕೋಣೆಯ ಉದ್ದಕ್ಕೆ ಹೆಚ್ಚುಕಡಿಮೆ ಸಮ. ಇಂಥ ಅಲೆಗೆ ಎರಡಂಗುಲದ ಫೋಮ್ ಗೋಡೆಗೆ ಬಳಿದ ಸುಣ್ಣದಂತೆ. ಅದು ಇದ್ದದ್ದೇ ಗೊತ್ತಾಗುವುದಿಲ್ಲ.

ಎರಡು ಎದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂರುವ ಸ್ವರ ಸಿಕ್ಕಿದಾಗ ಕೋಣೆ ತಾನೂ ದನಿಗೂಡಿಸುತ್ತದೆ. ಹನ್ನೆರಡು ಅಡಿಯ ಉದ್ದಕ್ಕೆ ಆ ಸ್ವರ 47 ಹರ್ಟ್ಜ್, ಅದರ ದುಪ್ಪಟ್ಟು 94, ಮೂರುಪಟ್ಟು 141. ಹತ್ತು ಅಡಿಯ ಅಗಲಕ್ಕೆ 56, 113, 169. ಎತ್ತರವೂ ಹತ್ತೇ ಅಡಿಯಾದ್ದರಿಂದ ಅದೇ 56, ಅದೇ 113 ಮತ್ತೊಮ್ಮೆ. ಎರಡು ದಿಕ್ಕಿನಲ್ಲಿ ಒಂದೇ ಸ್ವರ ಎದ್ದು ಒಂದರ ಮೇಲೊಂದು ಕೂರುತ್ತದೆ. ಗುಮ್ಕಿ ಜಾರುತ್ತ ಹೋಗುವ ದಾರಿಯಲ್ಲಿ ಈ ಸ್ವರಗಳು ಒಂದೊಂದಾಗಿ ಎದುರಾದವು. ಮೇಷ್ಟ್ರ ಕೈ ಸಮವಾಗಿಯೇ ಜಾರಿತ್ತು, ಉಬ್ಬು ತಗ್ಗು ಕೋಣೆಯದು. ಯಾವ ಸ್ವರದ ಕೆಳಗೆ ಕೋಣೆಯ ಇಂಥ ಹಟಮಾರಿತನ ನಡೆಯುತ್ತದೆ ಎಂಬುದಕ್ಕೆ ಜರ್ಮನ್ ಭೌತವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ 1954ರಲ್ಲಿ ಒಂದು ಲೆಕ್ಕ ಹಾಕಿಕೊಟ್ಟು, ಆಮೇಲೆ ತಿದ್ದಿಕೊಂಡರು. ಆ ಪ್ರಕಾರ 34 ಘನಮೀಟರ್‌ನ ಈ ಕೋಣೆಯಲ್ಲಿ, ಸದ್ದು ಅಡಗಲು ಅರ್ಧ ಸೆಕೆಂಡ್ ಹಿಡಿಯುವುದಾದರೆ, ಗಡಿ ಸುಮಾರು 240 ಹರ್ಟ್ಜ್. ದೊಡ್ಡ ಸಭಾಂಗಣದಲ್ಲಿ ಆ ಗಡಿ ನಮ್ಮ ಕಿವಿಗೆ ಮುಖ್ಯವಾದ ಸ್ವರಗಳಿಗಿಂತ ಬಹಳ ಕೆಳಗೆ ಇಳಿದಿರುತ್ತದೆ. ಸಣ್ಣ ಕೋಣೆಯಲ್ಲಿ ಮೃದಂಗದ ಆಧಾರ ಸ್ವರವೇ, ಗಂಡಸಿನ ಕಂಠದ ಷಡ್ಜವೇ ಅದರೊಳಗೆ ಸಿಕ್ಕಿಬೀಳುತ್ತದೆ.

ಇಲ್ಲಿ ನಮ್ಮ ಕಟ್ಟಡಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಈ ವಿಷಯದ ಪುಸ್ತಕಗಳೆಲ್ಲ ಹೆಚ್ಚಾಗಿ ಅಮೆರಿಕದವು. ಅಲ್ಲಿನ ಮನೆಯ ಒಳಗೋಡೆಯೆಂದರೆ ಮರದ ಚೌಕಟ್ಟಿನ ಮೇಲೆ ಹೊಡೆದ ಅರ್ಧ ಇಂಚಿನ ಜಿಪ್ಸಂ ಹಲಗೆ. ಆ ಹಲಗೆ 125 ಹರ್ಟ್ಜ್‌ನ ಸದ್ದು ಬಡಿದಾಗ ತಾನೂ ಅಲುಗಿ, ಬಂದದ್ದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ತಿಂದುಬಿಡುತ್ತದೆ. ಗಾರೆ ಬಳಿದ ನಮ್ಮ ಇಟ್ಟಿಗೆ ಗೋಡೆ ತಿನ್ನುವುದು ನೂರರಲ್ಲಿ ಒಂದೋ ಎರಡೋ ಪಾಲು, ಉಳಿದದ್ದೆಲ್ಲ ವಾಪಸ್. ಅಲ್ಲಿಯವರು ಎರಡು ಮೂಲೆಗೆ ಮದ್ದು ಮಾಡಿದರೆ ಸಾಕು ಎಂದು ಬರೆದದ್ದನ್ನು ನಾವು ನಂಬಿ ಕೂತರೆ ಆಗದು. ಹಾಗೆ ನೋಡಿದರೆ ಮಲೆನಾಡಿನ, ಕರಾವಳಿಯ ಹಳೆಯ ಮನೆಗಳು ಈ ವಿಷಯದಲ್ಲಿ ಎಷ್ಟೋ ವಾಸಿ. ಮೇಲೆ ಜಂತೆ, ಜಂತೆಯ ಮೇಲೆ ಹಲಗೆ, ಅದರ ಮೇಲೆ ಅಟ್ಟ. ಆ ಹಲಗೆಗಳು ಮಂದ್ರದ ಸದ್ದಿಗೆ ಮೈಯೊಡ್ಡಿ ಅಲುಗುತ್ತವೆ. ಅಂಥ ಹಲಗೆಯ ಹೊದಿಕೆಗೆ ನಮ್ಮಲ್ಲಿ ಮುಚ್ಚಿಗೆ ಎನ್ನುತ್ತಾರೆ. ಮದ್ದಲೆ ಮೃದಂಗಗಳ ಬಾಯಿಗೆ ಬಿಗಿದ ಚರ್ಮಕ್ಕೂ ಮುಚ್ಚಿಗೆ ಎಂದೇ ಹೆಸರು. ಮನೆಯ ಮಾಡಿನ ಕೆಳಗಿನದಕ್ಕೂ ವಾದ್ಯದ ಬಾಯಿಯದಕ್ಕೂ ಒಂದೇ ಪದ ಇಟ್ಟ ಭಾಷೆಯಲ್ಲಿ ಈ ಅಧ್ಯಾಯ ಬರೆಯಲು ನನಗೆ ಸಂತೋಷವಾಗುತ್ತದೆ. ಏಕೆಂದರೆ ಮಂದ್ರವನ್ನು ಹಿಡಿಯುವ ಪೆಟ್ಟಿಗೆಯ ಗುಟ್ಟೂ ಅದರ ಮುಚ್ಚಿಗೆಯಲ್ಲೇ ಇದೆ.

ಸದ್ದನ್ನು ಹೀರುವುದನ್ನು ಅಳೆಯುವ ಪಾಠ ನಮಗೆ ಕಲಿಸಿದವರು ಹಾರ್ವರ್ಡ್‌ನ ವಾಲೇಸ್ ಸ್ಯಾಬಿನ್. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಕೋಣೆಯಲ್ಲಿ ಆಡಿದ ಮಾತೊಂದೂ ಅರ್ಥವಾಗದಾದಾಗ, ಅದನ್ನು ಸರಿಮಾಡುವ ಕೆಲಸ ಈ ಯುವ ಅಧ್ಯಾಪಕರ ತಲೆಗೆ ಬಂತು. ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು, 512 ಹರ್ಟ್ಜ್‌ನ ಆರ್ಗನ್ ಕೊಳವೆಯನ್ನು ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತೆಂದು ಅಳೆದು, ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸ್ ಇಡುತ್ತಿದ್ದರು. ಅವರ ಅಳತೆಗೋಲು ತೆರೆದ ಕಿಟಕಿ. ಕಿಟಕಿಯಿಂದ ಆಚೆ ಹೋದ ಸದ್ದು ತಿರುಗಿ ಬರುವುದಿಲ್ಲ, ಆದ್ದರಿಂದ ಅದಕ್ಕೆ 1 ಎಂಬ ಅಂಕ. ಏನನ್ನೂ ಹೀರದ ಗೋಡೆಗೆ ಸೊನ್ನೆ. ಇವತ್ತಿಗೂ ಈ ಅಂಕವೇ ಚಾಲ್ತಿಯಲ್ಲಿದೆ.

ಗ್ಲಾಸ್‌ವುಲ್, ರಾಕ್‌ವುಲ್, ಫೋಮ್ ಇವೆಲ್ಲ ಸದ್ದನ್ನು ತಿನ್ನುವುದು ಉಜ್ಜಾಟದಿಂದ. ನಾರಿನ ಸಂದಿಯಲ್ಲಿ ಗಾಳಿ ಹಿಂದೆ ಮುಂದೆ ಓಡಾಡುವಾಗ ತಿಕ್ಕಾಟವಾಗಿ ಶಬ್ದದ ಶಕ್ತಿ ಶಾಖವಾಗುತ್ತದೆ. ಅಂದರೆ ಗಾಳಿ ಓಡಾಡಬೇಕು. ಗೋಡೆಯ ಮೈಗೆ ತಾಗಿದ ಗಾಳಿ ಓಡಾಡಲಾರದು. ತುಂಬಿದ ಬಸ್ಸಿಗೆ ಬ್ರೇಕ್ ಹಾಕಿದಾಗ ನಡುವೆ ನಿಂತವರು ಹಿಂದೆ ಮುಂದೆ ತೂಗುತ್ತಾರೆ. ಮುಂದಿನ ತಗಡಿಗೆ ಆತು ನಿಂತವರು ಕದಲುವುದಿಲ್ಲ, ಆದರೆ ಎಲ್ಲರ ಭಾರ ಬೀಳುವುದು ಅವರ ಮೇಲೇ. ಗೋಡೆಯ ಬಳಿ ಹೀಗೆಯೇ: ಒತ್ತಡ ಪೂರ್ತಿ, ಚಲನೆ ಸೊನ್ನೆ. ಚಲನೆ ಪೂರ್ತಿಯಾಗಿ ಸಿಗುವುದು ಅಲೆಯ ಕಾಲು ಭಾಗದಷ್ಟು ಈಚೆಗೆ ಬಂದಾಗ. 1,000 ಹರ್ಟ್ಜ್‌ಗೆ ಅದು ಎಂಟೂವರೆ ಸೆಂಟಿಮೀಟರ್, 100 ಹರ್ಟ್ಜ್‌ಗೆ 86 ಸೆಂಟಿಮೀಟರ್. ಹತ್ತಡಿಯ ಕೋಣೆಯಲ್ಲಿ ಸುತ್ತಲೂ 86 ಸೆಂಟಿಮೀಟರ್ ನಾರು ತುಂಬಿದರೆ ಮೇಷ್ಟ್ರು ಕೂರುವುದೆಲ್ಲಿ?

ಆದ್ದರಿಂದ ಮೂಲೆ. ಕೋಣೆಯ ಎಲ್ಲ ಸ್ವರಗಳ ಒತ್ತಡವೂ ಬಂದು ಸೇರುವುದು ಮೂಲೆಗಳಲ್ಲಿ. ಅಲ್ಲಿ ನಾರಿನ ಪ್ಯಾನೆಲನ್ನು ಅಡ್ಡಡ್ಡ ನಿಲ್ಲಿಸಿದರೆ ಹಿಂದೆ ತ್ರಿಕೋನದ ಪೊಳ್ಳು ಉಳಿದು, ನಾರು ಗೋಡೆಯಿಂದ ಸ್ವಲ್ಪ ದೂರವಾಗುತ್ತದೆ. ಇಷ್ಟು ಎಲ್ಲರೂ ಹೇಳುತ್ತಾರೆ. ಆದರೆ ಮೂಲೆಯಲ್ಲಿ ಧಾರಾಳವಾಗಿ ಸಿಗುವುದು ಒತ್ತಡ, ನಾರು ಬೇಡುವುದು ಚಲನೆ. ಒತ್ತಡವನ್ನು ಚಲನೆಯನ್ನಾಗಿ ಮಾಡಿಕೊಡುವ ಒಂದು ಚರ್ಮ ನಡುವೆ ಬೇಕು. ಆ ಚರ್ಮವೇ ಹೊದಿಕೆ.

ಇದು ಬರೀ ಊಹೆಯಲ್ಲ. ಅಮೆರಿಕದ ಓವೆನ್ಸ್ ಕಾರ್ನಿಂಗ್ ಕಂಪನಿಯವರು ತಮ್ಮ 705 ಎಂಬ ಬಿಗಿ ಗ್ಲಾಸ್‌ವುಲ್ ಹಲಗೆಯ ಅಳತೆಗಳನ್ನು ಪ್ರಕಟಿಸಿದ್ದಾರೆ. ಎರಡಿಂಚಿನ ಬರಿಯ ಹಲಗೆಯನ್ನು ಗೋಡೆಗೆ ಅಂಟಿಸಿದರೆ 125 ಹರ್ಟ್ಜ್‌ನಲ್ಲಿ ಅದರ ಅಂಕ 0.16. ಅದೇ ಹಲಗೆಯ ಮುಖಕ್ಕೆ ಕ್ರಾಫ್ಟ್ ಕಾಗದ, ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ ಅಳೆದರೆ 0.60. ಒಂದು ತೆಳು ಕಾಗದ ಮಂದ್ರದ ಹೀರಿಕೆಯನ್ನು ಸುಮಾರು ನಾಲ್ಕು ಪಟ್ಟು ಮಾಡಿತು! ಇನ್ನೊಂದು ತುದಿಯಲ್ಲಿ, 4,000 ಹರ್ಟ್ಜ್‌ನಲ್ಲಿ, ಬರಿಯ ಹಲಗೆ ಬಂದದ್ದನ್ನೆಲ್ಲ ನುಂಗಿದರೆ ಕಾಗದ ಹೊದ್ದ ಹಲಗೆ ಮೂರನೇ ಒಂದು ಭಾಗ ನುಂಗಿ ಉಳಿದದ್ದನ್ನು ಕೋಣೆಗೆ ಹಿಂದಿರುಗಿಸುತ್ತದೆ. ನಡುವಿನ ಸ್ವರಗಳಲ್ಲೂ ಕಾಗದದಿಂದ ನಷ್ಟವಿದೆ. ಆದರೆ ಮೇಷ್ಟ್ರ ಕೋಣೆಗೆ ಬೇಕಾದದ್ದು ಇದೇ: ಗುಮ್ಕಿಯ ಕೊಬ್ಬು ಕರಗಬೇಕು, ಚಾಪಿನ ಹೊಳಪು ಉಳಿಯಬೇಕು.

ಹಾಗಾದರೆ ಯಾವ ಹೊದಿಕೆ? ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಎರಡು ಪರೀಕ್ಷೆ ಸಾಕು, ಎರಡನ್ನೂ ಬಟ್ಟೆ ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಮಾಡಬಹುದು. ಮೊದಲನೆಯದು ಉಸಿರು. ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಊದಿ. ಆಚೆ ಹಿಡಿದ ಅಂಗೈಗೆ ಗಾಳಿ ಸಲೀಸಾಗಿ ತಾಗಿದರೆ ಆ ಬಟ್ಟೆ ಎಷ್ಟೇ ತೂಕದ್ದಾಗಿರಲಿ, ಸದ್ದು ಅದರ ಎಳೆಗಳ ನಡುವಿನಿಂದ ಒಳಗೆ ಹೋಗುತ್ತದೆ. ಮಲ್ ಬಟ್ಟೆ, ಕೈಮಗ್ಗದ ಸಡಿಲ ನೇಯ್ಗೆ, ಗೋಣಿತಾಟು, ಬಟ್ಟೆ ಅಂಗಡಿಯಲ್ಲಿ ಕೊಡುವ ನಾನ್‌ವೋವನ್ ಚೀಲದ ಬಟ್ಟೆ ಇವೆಲ್ಲ ಈ ಜಾತಿಯವು. ಇವು ನಾರು ಉದುರದಂತೆ ತಡೆಯುತ್ತವೆ, ಕಣ್ಣಿಗೆ ಹಿತವಾಗಿರುತ್ತವೆ. ಸದ್ದಿನ ಮಟ್ಟಿಗೆ ಇವು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಊದಿದ ಉಸಿರು ಕೆನ್ನೆಯಲ್ಲೇ ಉಳಿದರೆ ಎರಡನೆಯ ಪರೀಕ್ಷೆ, ತೂಕ. ಗಾಳಿ ತೂರದ ಹಾಳೆಯನ್ನು ದಾಟಬೇಕಾದರೆ ಸದ್ದು ಆ ಹಾಳೆಯನ್ನೇ ಹಿಡಿದು ಅಲ್ಲಾಡಿಸಬೇಕು. ನಿಧಾನವಾದ ಅಲೆಗೆ ಅಷ್ಟು ಪುರುಸೊತ್ತಿದೆ. ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಅಲೆಗೆ ಇಲ್ಲ. ಅದು ಹಾಳೆಯ ಜಡತ್ವಕ್ಕೆ ಸೋತು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಕಾಗದ, ಬಟ್ಟೆಯ ವ್ಯಾಪಾರದಲ್ಲಿ ಒಂದು ಚದರ ಮೀಟರ್ ಎಷ್ಟು ಗ್ರಾಂ ತೂಗುತ್ತದೆ ಎಂಬುದನ್ನು ಜಿಎಸ್‌ಎಂ ಎನ್ನುತ್ತಾರೆ. 1,30,000ವನ್ನು ಆ ಜಿಎಸ್‌ಎಂನಿಂದ ಭಾಗಿಸಿ. ಬಂದ ಹರ್ಟ್ಜ್‌ನಲ್ಲಿ ಹಾಳೆ ಅರ್ಧ ಸದ್ದನ್ನು ಒಳಗೆ ಬಿಡುತ್ತದೆ, ಅರ್ಧವನ್ನು ತಳ್ಳುತ್ತದೆ. ಅದಕ್ಕಿಂತ ಮೇಲಿನ ಸ್ವರಗಳಿಗೆ ಬಾಗಿಲು ಮುಚ್ಚುತ್ತ ಹೋಗುತ್ತದೆ, ಕೆಳಗಿನವಕ್ಕೆ ತೆರೆಯುತ್ತ ಹೋಗುತ್ತದೆ. ಹಾಳೆಯ ಎರಡೂ ಬದಿಗೆ ಬರಿಯ ಗಾಳಿಯಿದ್ದಾಗಿನ ಲೆಕ್ಕ ಇದು. ಹಿಂದೆ ನಾರು, ಗೋಡೆ ಬಂದಾಗ ಕೊಂಚ ಆಚೀಚೆ ಆಗುತ್ತದೆ, ಆದರೆ ಆಯ್ಕೆಗೆ ಧಾರಾಳ ಸಾಕು.

ಕೈಗೆ ಸಿಗುವ ವಸ್ತುಗಳನ್ನು ಈ ತಕ್ಕಡಿಗೆ ಹಾಕಿ ನೋಡೋಣ. 25 ಮೈಕ್ರಾನ್ ಪಾಲಿಥೀನ್ ಹಾಳೆ 23 ಜಿಎಸ್‌ಎಂ. ಅದರ ಗಡಿ 5,600 ಹರ್ಟ್ಜ್, ಅಂದರೆ ಕಿವಿಗೆ ಅದು ಬಹುತೇಕ ಇಲ್ಲದಂತೆಯೇ. ಸುದ್ದಿಪತ್ರಿಕೆಯ ಕಾಗದ 45ರ ಆಸುಪಾಸು, ಗಡಿ 2,900. ನೂರು ಜಿಎಸ್‌ಎಂನ ಕಂದು ಕ್ರಾಫ್ಟ್ ಕಾಗದಕ್ಕೆ 1,300. ಹುಟ್ಟುಹಬ್ಬದ ಶುಭಾಶಯ ಹೊತ್ತು ಪ್ರತಿ ಸರ್ಕಲ್ಲಿನಲ್ಲಿ ನಿಲ್ಲುವ ಫ್ಲೆಕ್ಸ್ ಬಟ್ಟೆ 300 ಇದ್ದರೆ ಗಡಿ 430. ಸೋಫಾಕ್ಕೆ ಹಾಕುವ ರೆಕ್ಸಿನ್ 500 ಎಂದುಕೊಂಡರೆ 260. ನಾಲ್ಕು ಮಿಲಿಮೀಟರ್ ಪ್ಲೈವುಡ್ ಸುಮಾರು 2,400, ಗಡಿ 54ಕ್ಕೆ ಇಳಿಯಿತು.

ರೆಕ್ಸಿನ್ ಬಗ್ಗೆ ನಿಲ್ಲಬೇಕು. ಸಭಾಭವನಗಳಲ್ಲಿ, ಸಣ್ಣ ರೆಕಾರ್ಡಿಂಗ್ ಕೋಣೆಗಳಲ್ಲಿ ಒಳ್ಳೆಯ ರಾಕ್‌ವುಲ್ ತುಂಬಿ, ಒರೆಸಲು ಸುಲಭವೆಂದು ಮೇಲೆ ರೆಕ್ಸಿನ್ ಬಿಗಿದದ್ದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಮಾತು ಸ್ಪಷ್ಟವಾಗಬೇಕಾದ ಗೋಡೆಯಲ್ಲಿ ಅದು ದೊಡ್ಡ ತಪ್ಪು. ಮಾತಿನ ವ್ಯಂಜನಗಳೆಲ್ಲ 260ಕ್ಕಿಂತ ಎಷ್ಟೋ ಮೇಲೆ ಇರುವುದರಿಂದ ಅವು ರೆಕ್ಸಿನ್ನಿಗೆ ಬಡಿದು ವಾಪಸ್ ಬರುತ್ತವೆ. ಒಳಗಿನ ರಾಕ್‌ವುಲ್ ಅವುಗಳ ಮುಖ ಸಹ ನೋಡುವುದಿಲ್ಲ. ಆದರೆ ಅದೇ ರೆಕ್ಸಿನ್ನನ್ನು ಮೂಲೆಯ ಪ್ಯಾನೆಲ್‌ಗೆ ಹೊದಿಸಿದರೆ ಅದು ಗುಣ. ಹಾಗೆಯೇ ಸಡಿಲ ಕೈಮಗ್ಗದ ಬಟ್ಟೆ ಮಾತಿನ ಗೋಡೆಗೆ ವರ, ನಾಲ್ಕೂ ಮೂಲೆಗೆ ಅದನ್ನೇ ಹೊದಿಸಿದರೆ ಸಣ್ಣ ಕೋಣೆಯ ಜೀವ ಹೋಗುತ್ತದೆ. ಮೂಲೆಗಳೆಲ್ಲ ಸೇರಿ ದೊಡ್ಡ ಕ್ಷೇತ್ರ. ಅಷ್ಟೂ ಕಡೆ ತಾರದ ಸದ್ದು ಇಂಗಿಹೋದರೆ ಮಿಕ್ಕಿದ್ದು ಹತ್ತಿಯಲ್ಲಿ ಹೂತಿಟ್ಟಂಥ ಕೋಣೆ. ಹೊದಿಕೆಯಲ್ಲಿ ಒಳ್ಳೆಯದು ಕೆಟ್ಟದ್ದು ಎಂಬುದಿಲ್ಲ, ಯಾವ ಜಾಗದಲ್ಲಿ ಎಂಬುದೇ ಪ್ರಶ್ನೆ.

ಬಣ್ಣದ ಕಥೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸಣ್ಣ ತೂತುಗಳಿದ್ದ ಹಲಗೆಗಳಿಂದ ಚೆನ್ನಾಗಿ ಕೇಳುತ್ತಿದ್ದ ಒಂದು ಸಭಾಂಗಣಕ್ಕೆ, ಸಮಾರಂಭವೊಂದರ ಮುಂಚೆ, ಹಲಗೆಗಳ ಮೇಲೂ ಸೇರಿಸಿ ಎರಡು ಕೋಟ್ ಎಮಲ್ಷನ್ ಹೊಡೆಸಿದರು. ಬಣ್ಣ ತೂತುಗಳ ಬಾಯಿ ಕಟ್ಟಿತು. ಆವತ್ತಿನಿಂದ ಅಲ್ಲಿ ಕೂತವರಿಗೆ ಭಾಷಣದ ಅರ್ಧ ಗಾಳಿಪಾಲು. ಫೆವಿಕಾಲ್‌ನಲ್ಲಿ ಅದ್ದಿದಂತೆ ಬಟ್ಟೆಯನ್ನು ಅಂಟಿಸಿದರೂ ಇದೇ ಗತಿ. ಅಂಟು ಅಂಚಿನಲ್ಲಿ ಮಾತ್ರ ಇರಲಿ.

ತೂತಿನ ವಿಷಯ ಬಂದಿತು. ಹೊದಿಕೆಯನ್ನು ಇನ್ನೂ ಸೂಕ್ಷ್ಮವಾಗಿ ಪಳಗಿಸುವ ದಾರಿ ಅದು. ನಲ್ಲಿಯ ಕೆಳಗಿಟ್ಟ ಕೊಡ ತುಂಬುತ್ತ ಬಂದ ಹಾಗೆ ಅದರ ದನಿ ಏರುವುದನ್ನು ಕೇಳಿ, ನೋಡದೆಯೇ ಅಡುಗೆಮನೆಯಿಂದ ಓಡಿ ಬಂದು ನಲ್ಲಿ ನಿಲ್ಲಿಸುತ್ತೇವೆ. ಕೊಡದೊಳಗಿನ ಗಾಳಿ ಸ್ಪ್ರಿಂಗಿನಂತೆ, ಅದರ ಕಂಠದಲ್ಲಿರುವ ಗಾಳಿ ಆ ಸ್ಪ್ರಿಂಗಿನ ಮೇಲೆ ಕೂತ ಗುಂಡಿನಂತೆ. ಒಳಗಿನ ಜಾಗ ಕುಗ್ಗಿದರೆ ಸ್ಪ್ರಿಂಗ್ ಬಿಗಿಯಾಗಿ ಸ್ವರ ಏರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇಂಥ ಪಾತ್ರೆಗಳ ಸಾಲನ್ನೇ ಮಾಡಿಸಿ ಸ್ವರಗಳನ್ನು ಹೆಕ್ಕಿ ಕೇಳುತ್ತಿದ್ದರು. ತೂತು ಕೊರೆದ ಹಲಗೆಯನ್ನು ಪೆಟ್ಟಿಗೆಯ ಮುಖಕ್ಕೆ ಹೊಡೆದರೆ ಪ್ರತಿ ತೂತೂ ಒಂದು ಕೊಡದ ಕಂಠ. ಆರು ಮಿಲಿಮೀಟರ್ ಹಲಗೆಗೆ ಐದು ಮಿಲಿಮೀಟರ್‌ನ ತೂತುಗಳನ್ನು 25 ಮಿಲಿಮೀಟರ್‌ಗೊಂದರಂತೆ ಚೌಕಾಕಾರದಲ್ಲಿ ಕೊರೆದು, ಹಿಂದೆ ಹತ್ತು ಸೆಂಟಿಮೀಟರ್ ಪೊಳ್ಳು ಬಿಟ್ಟರೆ ಅದು ಹಿಡಿಯುವ ಸ್ವರ ಸುಮಾರು 300 ಹರ್ಟ್ಜ್. ತೂತುಗಳ ನಡುವಿನ ಅಂತರವನ್ನು ದುಪ್ಪಟ್ಟು ಮಾಡಿದರೆ, 150.

ಇದನ್ನು ಅತಿ ಚೊಕ್ಕವಾಗಿ ಮಾಡಿ ತೋರಿಸಿದವರು ಬಿಬಿಸಿಯ ಎಂಜಿನಿಯರುಗಳು. ಮಾತಿನ ಕಾರ್ಯಕ್ರಮಗಳಿಗೆ ಹತ್ತಾರು ಸಣ್ಣ ಸ್ಟುಡಿಯೋ ಕಟ್ಟಬೇಕಾಗಿ ಬಂದಾಗ ಅವರು ಎರಡು ಅಡಿಗೆ ಮೂರು ಅಡಿಯ, ಎಂಟು ಇಂಚು ಆಳದ ಒಂದೇ ಮಾದರಿಯ ಪೆಟ್ಟಿಗೆಯನ್ನು ಮಾಡಿಕೊಂಡರು. ಒಳಗಿನ ನಾರೂ ಒಂದೇ ಬಗೆ. ಬದಲಾಗುತ್ತಿದ್ದದ್ದು ಮುಚ್ಚಳ. ಮುಚ್ಚಳದ ಕಾಲು ಭಾಗ ತೂತಿದ್ದರೆ ಆ ಪೆಟ್ಟಿಗೆ ಬಹುತೇಕ ಎಲ್ಲ ಸ್ವರಗಳನ್ನೂ ಸಮನಾಗಿ ತಿನ್ನುತ್ತಿತ್ತು. ನೂರಕ್ಕೆ ಐದು ಭಾಗ ತೂತಿದ್ದರೆ 300ರಿಂದ 400 ಹರ್ಟ್ಜ್‌ನ ಸುತ್ತ. ನೂರಕ್ಕೆ ಅರ್ಧ ಭಾಗ ಮಾತ್ರ ತೂತಿದ್ದರೆ ಅದರ ಹಸಿವು 90 ಹರ್ಟ್ಜ್‌ನ ಹತ್ತಿರಕ್ಕೆ ಇಳಿಯುತ್ತಿತ್ತು. ಪೆಟ್ಟಿಗೆ ಅದೇ, ಹೊಟ್ಟೆ ಅದೇ, ಮುಖ ಮಾತ್ರ ಬೇರೆ. ನಾನು ಈ ಅಧ್ಯಾಯದಲ್ಲಿ ಹೇಳಲು ಹೊರಟಿದ್ದನ್ನು ಅವರು ಮರದಲ್ಲಿ ಮಾಡಿಟ್ಟಿದ್ದಾರೆ.

ತೂತೇ ಇಲ್ಲದ ಹಲಗೆಗೆ ಬರೋಣ. ಹಲಗೆಯ ತೂಕ ಏರಿದಂತೆ ಅದರ ಸ್ವರ ಇಳಿಯುತ್ತದೆ ಎಂದು ಮೇಷ್ಟ್ರಿಗೆ ನಾನು ವಿವರಿಸಲು ತಿಣುಕುತ್ತಿದ್ದಾಗ ಅವರು ನಕ್ಕು, "ಇದನ್ನ ನನಗೆ ಹೇಳ್ಕೊಡ್ತೀರಾ?" ಎಂದರು. ಅವರು ದಿನಾ ಮಾಡುವ ಕೆಲಸವೇ ಅದು. ಪಾಠಕ್ಕೆ ಮುಂಚೆ ರವೆಯನ್ನು ನೀರಿನಲ್ಲಿ ಕಲಸಿ ತೊಪ್ಪಿಯ ನಡುವೆ ಮೆತ್ತುತ್ತಾರೆ. ಚರ್ಮದ ಬಿಗಿತ ಬದಲಾಗಿಲ್ಲ, ತೂಕ ಏರಿತು, ನಾದ ಇಳಿಯಿತು. ಬಲಗಡೆಯ ಮುಚ್ಚಿಗೆಯಲ್ಲಿ ಆ ಕೆಲಸವನ್ನು ಕಾಯಂ ಆಗಿ ಮಾಡಿರುವುದು ಕಪ್ಪು ಕರಣೆ. ಬರಿಯ ಚರ್ಮದ ಮೇಲ್ಸ್ವರಗಳು ಒಂದಕ್ಕೊಂದು ಹೊಂದದೆ ಗಲಭೆ ಮಾಡುತ್ತವೆ. ನಡುವೆ ತೂಕ ಹಚ್ಚಿದ ಈ ಮುಚ್ಚಿಗೆಯ ಮೇಲ್ಸ್ವರಗಳು ತಂತಿಯಲ್ಲಿದ್ದಂತೆ ಒಂದು, ಎರಡು, ಮೂರು ಎಂದು ಸಾಲಾಗಿ ನಿಲ್ಲುತ್ತವೆ. ಸಿ.ವಿ. ರಾಮನ್ 1920ರಲ್ಲಿ ಈ ವಿಷಯವನ್ನು 'ನೇಚರ್' ಪತ್ರಿಕೆಯಲ್ಲಿ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ವಿಸ್ತಾರವಾಗಿ ಬರೆದರು.

ಪೆಟ್ಟಿಗೆಯ ಪ್ಲೈವುಡ್ಡಿಗೂ ನಿಯಮ ಇದೇ. ಹಲಗೆಯ ತೂಕ ಗುಂಡು, ಹಿಂದೆ ಮುಚ್ಚಿಟ್ಟ ಗಾಳಿ ಸ್ಪ್ರಿಂಗ್. ಒಂದು ಚದರ ಮೀಟರಿನ ತೂಕವನ್ನು ಕಿಲೋಗ್ರಾಂನಲ್ಲಿ, ಪೊಳ್ಳಿನ ಆಳವನ್ನು ಮೀಟರಿನಲ್ಲಿ ಇಟ್ಟುಕೊಂಡು ಗುಣಿಸಿ, ವರ್ಗಮೂಲ ತೆಗೆದು, ಅದರಿಂದ 60ನ್ನು ಭಾಗಿಸಿದರೆ ಹಿಡಿಯುವ ಸ್ವರ ಸಿಗುತ್ತದೆ. ನಾಲ್ಕು ಮಿಲಿಮೀಟರ್ ಪ್ಲೈವುಡ್ 2.4 ಕಿಲೋ, ಆಳ 0.15 ಮೀಟರ್. ಗುಣಿಸಿದರೆ 0.36, ವರ್ಗಮೂಲ 0.6, ಉತ್ತರ 100 ಹರ್ಟ್ಜ್. ಪೊಳ್ಳಿಗೆ ನಾರು ತುಂಬಿದರೆ ಇನ್ನೊಂದಿಷ್ಟು ಇಳಿಯುತ್ತದೆ, ಹಿಡಿತವೂ ಒಂದೇ ಸ್ವರಕ್ಕೆ ಅಂಟದೆ ಅಕ್ಕಪಕ್ಕಕ್ಕೆ ಹರಡುತ್ತದೆ. ಪೆಟ್ಟಿಗೆಯಲ್ಲಿ ಎಲ್ಲೂ ಗಾಳಿ ಸೋರಬಾರದು. ಕೀಲುಗಳಿಗೆಲ್ಲ ಸಿಲಿಕೋನ್ ಹಚ್ಚಬೇಕು. ತೂತು ಬಿದ್ದ ಮೃದಂಗ ನುಡಿದೀತೇ?

ಮೇಷ್ಟ್ರ ಕೋಣೆಯಲ್ಲಿ ಕೊನೆಗೆ ಮಾಡಿದ್ದು ಹೀಗೆ. ಫೋಮನ್ನೆಲ್ಲ ಕಿತ್ತೆವು. ನಾಲ್ಕು ಮೂಲೆಗಳಿಗೆ ಎರಡಡಿ ಅಗಲದ, ನಾಲ್ಕಿಂಚು ದಪ್ಪದ ರಾಕ್‌ವುಲ್ ಪ್ಯಾನೆಲ್‌ಗಳು, ಅಂಗಡಿಯವರ ಮಾತಿನಲ್ಲಿ '48 ಡೆನ್ಸಿಟಿ'ಯವು. ಅವುಗಳ ಕೋಣೆಯ ಕಡೆಯ ಮುಖಕ್ಕೆ ಕ್ರಾಫ್ಟ್ ಕಾಗದ, ಅದರ ಮೇಲೆ ಕೈಮಗ್ಗದ ಬಟ್ಟೆ. ಕಾಗದದ ಮುಖವನ್ನು ಗೋಡೆಯ ಕಡೆ ತಿರುಗಿಸಿದರೆ ಇಷ್ಟೆಲ್ಲ ಹೇಳಿದ್ದು ವ್ಯರ್ಥ. ಕಾಗದ ನಾರಿಗೆ ಮೆತ್ತಗೆ ಒರಗಿರಬೇಕು. ಬಿಡಿಯಾಗಿ ಬಿಗಿದರೆ ಜೋರು ನುಡಿಕೆಗೆ ಪರಪರ ಎನ್ನುತ್ತದೆ. ಶೀಟಿನ ಮಾಡಿಗೆ ಹಾಕುವ ಫಾಯಿಲ್ ಅಂಟಿಸಿದ ಗ್ಲಾಸ್‌ವುಲ್ ಸಿಕ್ಕಿದ್ದರೆ ಕೆಲಸ ಇನ್ನೂ ಸುಲಭವಿತ್ತು. ಆಮೇಲೆ ಮೇಷ್ಟ್ರನ್ನು ಮೈಕಿನ ಜಾಗದಲ್ಲಿ ಕೂರಿಸಿ, ಗೋಡೆಯುದ್ದಕ್ಕೂ ಕನ್ನಡಿ ಸರಿಸುತ್ತ ಹೋದೆವು. ಕನ್ನಡಿಯಲ್ಲಿ ಮೃದಂಗ ಎಲ್ಲಿ ಕಾಣಿಸಿತೋ ಅಲ್ಲಿಂದಲೇ ಮೊದಲ ಪ್ರತಿಫಲನ ಬರುವುದು. ಅಂಥ ಜಾಗಗಳಿಗೆ ಮಾತ್ರ ಕಾಗದವಿಲ್ಲದ, ಉಸಿರಾಡುವ ಬಟ್ಟೆಯ ಪ್ಯಾನೆಲ್. ಉಳಿದ ಗೋಡೆ ಖಾಲಿ.

ಮಂಗಳೂರಿನಲ್ಲೋ ತೀರ್ಥಹಳ್ಳಿಯಲ್ಲೋ ಆಗಿದ್ದರೆ ನಾನು ಕಾಗದದ ಬದಲು ಫಾಯಿಲ್, ಗೋಣಿತಾಟಿನ ಬದಲು ಬೆಂಕಿ ತಡೆಯುವ ಪಾಲಿಯೆಸ್ಟರ್ ಎನ್ನುತ್ತಿದ್ದೆ. ಮಳೆಗಾಲದ ಮೂಲೆಯಲ್ಲಿ ಸೆಣಬು, ಕಾಗದ ಎರಡಕ್ಕೂ ಬೂಷ್ಟು ಹಿಡಿಯುತ್ತದೆ. ಪ್ಯಾನೆಲ್ ಗೋಡೆಗೆ ಅಂಟದೆ ಹಿಂದೆ ಗಾಳಿಯಾಡುವಂತೆಯೂ ಇರಬೇಕು.

ಬೆಂಕಿಯ ಮಾತನ್ನು ಮಾತ್ರ ಯಾವ ಊರಿನಲ್ಲೂ ಬಿಡುವಂತಿಲ್ಲ. 2003ರ ಫೆಬ್ರವರಿ 20ರ ರಾತ್ರಿ ಅಮೆರಿಕದ ರೋಡ್ ಐಲೆಂಡ್ ರಾಜ್ಯದ ವೆಸ್ಟ್ ವಾರ್ವಿಕ್‌ನ ಒಂದು ಸಂಗೀತ ಕ್ಲಬ್ಬಿನಲ್ಲಿ, ವೇದಿಕೆಯ ಮೇಲೆ ಹಚ್ಚಿದ ಬಿರುಸಿನ ಕಿಡಿ ಗೋಡೆಗೆ ಅಂಟಿಸಿದ್ದ ಫೋಮಿಗೆ ತಗುಲಿತು. ಕೆಲವೇ ನಿಮಿಷಗಳಲ್ಲಿ ಕಟ್ಟಡ ಹೊತ್ತಿ ಉರಿದು ನೂರು ಜನ ಸತ್ತರು. 2013ರ ಜನವರಿಯಲ್ಲಿ ಬ್ರೆಜಿಲ್‌ನ ಸಾಂತಾ ಮರಿಯಾದಲ್ಲಿ ಅದೇ ಕಥೆ, ಅದೇ ಬಗೆಯ ಫೋಮ್, 242 ಜನ. ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿ ವಯಸ್ಸಿನವರು. ಫೋಮಿನ ಹೊಗೆಯಲ್ಲಿ ಸಯನೈಡ್ ಇತ್ತು. ಒಂದೇ ಬಾಗಿಲಿನ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿ ಪಾಠ ಹೇಳುವವರು ಬರಿಯ ಫೋಮ್ ಅಂಟಿಸುವುದನ್ನು ನೋಡಿದಾಗಲೆಲ್ಲ ನನಗೆ ಆ ಅಂಕಿಗಳು ನೆನಪಾಗುತ್ತವೆ. ರಾಕ್‌ವುಲ್ ಕಲ್ಲಿನ ನಾರು, ಉರಿಯುವುದಿಲ್ಲ. ಅದರ ಮೇಲಿನ ಬಟ್ಟೆ, ಕಾಗದ ಉರಿಯುತ್ತವೆ. ಬಟ್ಟೆ ಕೊಳ್ಳುವ ಮುಂಚೆ ಒಂದು ಪಟ್ಟಿ ಕತ್ತರಿಸಿ, ಮನೆಯ ಹೊರಗೆ ಇಕ್ಕಳದಲ್ಲಿ ಹಿಡಿದು ಕಡ್ಡಿ ಗೀರಿ ನೋಡಿ. ಭಗ್ಗನೆ ಹತ್ತಿದರೆ, ಉರಿಯುವ ಹನಿ ತೊಟ್ಟಿಕ್ಕಿದರೆ, ಎಷ್ಟೇ ಚೆಂದವಿದ್ದರೂ ಬೇಡ. ವಿದ್ಯುತ್ ತಂತಿ ಪ್ಯಾನೆಲ್ಲಿನ ಹಿಂದೆ ಹಾಯಬಾರದು.

ಮೂಲೆಗಳಾದ ಮೇಲೆ ಗುಮ್ಕಿ ಬಹಳ ಮಟ್ಟಿಗೆ ಸಮವಾಯಿತು. ಚಾಪು ಬದುಕಿ ಬಂತು. ಒಂದು ಕಡೆ ಮಾತ್ರ ಉಬ್ಬು ಉಳಿದಿತ್ತು. ಅದಕ್ಕೆಂದು ಎರಡಡಿಗೆ ನಾಲ್ಕಡಿಯ, ಆರಿಂಚು ಆಳದ ಪ್ಲೈವುಡ್ ಪೆಟ್ಟಿಗೆಯನ್ನು ಬಡಗಿಯಿಂದ ಮಾಡಿಸಿ ಹಿಂದಿನ ಗೋಡೆಗೆ ಆನಿಸಿ ನಿಲ್ಲಿಸಿದೆವು. ನನ್ನ ಲೆಕ್ಕದ ಪ್ರಕಾರ ಅದು ಉಬ್ಬಿನ ಸ್ವರವನ್ನೇ ಹಿಡಿಯಬೇಕಿತ್ತು. ಮೇಷ್ಟ್ರ ಶಿಷ್ಯನೊಬ್ಬ ಗುಮ್ಕಿ ಎಳೆದ, ಮೇಷ್ಟ್ರು ಬೆರಳ ತುದಿಗಳನ್ನು ಹಲಗೆಯ ನಡುವೆ ತಾಗಿಸಿ ಕಣ್ಣು ಮುಚ್ಚಿ ನಿಂತರು. "ಅಲುಗುತ್ತೆ. ಆದ್ರೆ ಉಬ್ಬು ದಾಟಿದ ಮೇಲೆ ಅಲುಗುತ್ತೆ," ಎಂದರು. ಹಲಗೆಗೆ ತೂಕದ ಜೊತೆ ತನ್ನದೇ ಬಿಗುಪೂ ಇರುತ್ತದೆ, ಸುತ್ತ ಮೊಳೆ ಹೊಡೆದಾಗ ಅದು ಸ್ವರವನ್ನು ಮೇಲಕ್ಕೆ ತಳ್ಳುತ್ತದೆ. ನನ್ನ ಸೂತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ. ಪೆಟ್ಟಿಗೆ ಬಿಚ್ಚಿ ಆಳ ಹೆಚ್ಚಿಸಬೇಕೇನೋ ಎಂದು ನಾನು ಅಳತೆಪಟ್ಟಿ ಹುಡುಕುತ್ತಿದ್ದೆ.

ಮೇಷ್ಟ್ರು ಒಳಗೆ ಹೋಗಿ ರವೆ ಕಲಸಿಕೊಂಡು ಬಂದರು. ಹಲಗೆಯ ನಡುವೆ ಒಂದು ಹಿಡಿ ಮೆತ್ತಿ, ಶಿಷ್ಯನಿಗೆ ಕಣ್ಸನ್ನೆ ಮಾಡಿ, ಮತ್ತೆ ಬೆರಳಿಟ್ಟರು. ಇನ್ನೊಂದು ಚಿಟಿಕೆ ಸೇರಿಸಿದರು. ಸ್ವಲ್ಪ ಕೆರೆದು ತೆಗೆದರು. ನಾಲ್ಕನೆಯ ಸಲವೋ ಐದನೆಯ ಸಲವೋ ಹಲಗೆ ಉಬ್ಬಿನ ಜಾಗದಲ್ಲೇ ನಡುಗತೊಡಗಿತು. ಒಣಗುವ ಮುಂಚೆ ಆ ರವೆಯನ್ನು ಕೆರೆದು ಅಡುಗೆಮನೆಯ ತಕ್ಕಡಿಗೆ ಹಾಕಿದೆವು. ಕಾರಿನ ಬಾಗಿಲಿಗೆ ಅಂಟಿಸುವ ಡಾಂಬರು ಹಾಳೆಯನ್ನು ಅಷ್ಟೇ ತೂಕಕ್ಕೆ ಕತ್ತರಿಸಿ, ದುಂಡಗೆ ಮಾಡಿ, ಅದೇ ಜಾಗಕ್ಕೆ ಅಂಟಿಸಿದೆವು. ಮೃದಂಗದ ಕರಣೆಯಂತೆ ಕಪ್ಪಗೆ, ಗುಂಡಗೆ, ಅದು ಈಗಲೂ ಅಲ್ಲಿದೆ.